ಸಾಮ್ರಾಜ್ಯ ಬೀಳಿಸಲಾರದ ಟೀಚರ್

ಏಳನೇ ತರಗತಿಗೆ ಇತಿಹಾಸ ಹೇಳುವ ಟೀಚರಿಗೆ ಯಾವುದನ್ನೂ ಮುಗಿಸಿ ಅಭ್ಯಾಸವಿರಲಿಲ್ಲ. ಸಿನಿಮಾಕ್ಕೆ ಹೋದರೆ ಕೊನೆಯ ಹೊಡೆದಾಟಕ್ಕೆ ಮೊದಲೇ ಎದ್ದು ಬರುತ್ತಿದ್ದರು. ಕಾದಂಬರಿಯ ಕೊನೆಯ ಪುಟವನ್ನು ಗಂಡ ಓದಿ, ಎಲ್ಲರೂ ಚೆನ್ನಾಗಿದ್ದಾರೆಂದು ಹಸಿಸುಳ್ಳು ಹೇಳಬೇಕಿತ್ತು. ಚಹಾದ ಲೋಟದಲ್ಲಿ ಒಂದು ಗುಟುಕು ಉಳಿದೇ ಉಳಿಯುತ್ತಿತ್ತು.

"ಅದನ್ನ ಯಾರಿಗೆ ಅಂತ ಇಟ್ಟಿದೀಯೇ?" ಟೈಲರ್ ಗಂಡ ಹೊಲಿಗೆ ಯಂತ್ರದ ಹಿಂದಿನಿಂದ ದಿನಾ ಕೇಳುತ್ತಿದ್ದ.

"ಇರ್ಲಿ ಬಿಡ್ರೀ. ಮುಗೀತು ಅಂದ್ರೆ ಹೊಟ್ಟೇಲಿ ಒಂಥರಾ ಆಗುತ್ತೆ."

ಹೊಟ್ಟೆಯಲ್ಲಿ ಒಂಥರಾ ಆಗುವವರ ಕೈಗೆ ಆರನೇ ಪಾಠ ಸಿಕ್ಕರೆ ಏನಾದೀತು? ಆರನೇ ಪಾಠವೆಂದರೆ ಒಂದು ಬಲಾಢ್ಯ ಪುರಾತನ ಸಾಮ್ರಾಜ್ಯದ ಉದಯ, ವೈಭವ ಮತ್ತು ಪತನ. ಉದಯಕ್ಕೆ ಒಂದು ವಾರ ಸಾಕಾಗುತ್ತಿತ್ತು, ವೈಭವಕ್ಕೆ ತಿಂಗಳುಗಳೂ ಸಾಲುತ್ತಿರಲಿಲ್ಲ. ಬೋರ್ಡಿನ ತುಂಬ ಬಣ್ಣದ ಸೀಮೆಸುಣ್ಣದ ನಕ್ಷೆ. ಒಂದೊಂದು ಬೆಂಚೂ ಒಂದೊಂದು ಪ್ರಾಂತ್ಯ. ಸರಿಯಾಗಿ ಉತ್ತರ ಹೇಳಿದವರಿಗೆ ಅಂಕದ ಬದಲು ಪದವಿ: ಮಹಾಮಂತ್ರಿ, ಸೇನಾಪತಿ, ಕೋಶಾಧ್ಯಕ್ಷೆ. ತಪ್ಪು ಹೇಳಿದವರ ಮುಖ ಬಾಡುವುದನ್ನು ನೋಡಲಾರದೆ ಟೀಚರ್ ಅವರಿಗೂ ಒಂದೊಂದು ಪದವಿ ಹಂಚಿಬಿಡುತ್ತಿದ್ದರು. ಹೀಗಾಗಿ ಆ ಸಾಮ್ರಾಜ್ಯದಲ್ಲಿ ಕುದುರೆ ಒಂದೂ ಇಲ್ಲದಿದ್ದರೂ ಕುದುರೆಗಳ ಮುಖ್ಯಸ್ಥರು ಮೂವರಿದ್ದರು. ಪತನದ ಪುಟವನ್ನು ಮಾತ್ರ ಯಾರೂ ತೆರೆದಿರಲಿಲ್ಲ.

ಈ ಸಲದ ಪರೀಕ್ಷೆಯಲ್ಲಿ ಗುಟ್ಟು ರಟ್ಟಾಯಿತು. "ಸಾಮ್ರಾಜ್ಯದ ಪತನಕ್ಕೆ ಕಾರಣಗಳೇನು?" ಎಂಬ ಪ್ರಶ್ನೆಗೆ ಇಡೀ ತರಗತಿ ಬರೆದಿತ್ತು: "ಸಾಮ್ರಾಜ್ಯವು ಇಂದಿಗೂ ಚೆನ್ನಾಗಿ ನಡೆಯುತ್ತಿದೆ."

ಹೆಡ್‌ಮಿಸ್ಟ್ರೆಸ್ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿಗೆ ಕುಕ್ಕಿದರು. "ನಾಳೆ ಮೊದಲ್ನೇ ಪೀರಿಯಡ್‌ಗೆ ನಾನೇ ಬಂದು ಕೂರ್ತೀನಿ. ಬೆಲ್ ಹೊಡಿಯೋದ್ರೊಳಗೆ ನಿಮ್ಮ ಸಾಮ್ರಾಜ್ಯ ಬಿದ್ದಿರ್ಬೇಕು. ಇಲ್ಲಾಂದ್ರೆ ಇತಿಹಾಸ ಭೂಗೋಳದ ಮೇಷ್ಟ್ರಿಗೆ, ನೀವು ಸ್ಟೋರ್ ರೂಮಿಗೆ."

ಆ ಮಕ್ಕಳೆಂದರೆ ಟೀಚರಿಗೆ ಪ್ರಾಣ. ಭೂಗೋಳದ ಮೇಷ್ಟ್ರೋ, ಎಂಥ ಸಾಮ್ರಾಜ್ಯವನ್ನಾದರೂ ಕಾಲು ಗಂಟೆಯಲ್ಲಿ ಮಣ್ಣುಪಾಲು ಮಾಡಿ ಆಕಳಿಸುವ ಆಸಾಮಿ.

ಮರುದಿನ ಹೆಡ್‌ಮಿಸ್ಟ್ರೆಸ್ ಕೊನೆಯ ಬೆಂಚಿನಲ್ಲಿ, ಅಂದರೆ ಸಾಮ್ರಾಜ್ಯದ ಗಡಿಯಲ್ಲಿ, ಮಂಡಿ ಮಡಚಿಕೊಂಡು ಕುಳಿತರು. ಟೀಚರ್ ಕಾರಣಗಳನ್ನು ಬರೆಯೋಣವೆಂದು ತಿರುಗಿದರೆ ಬೋರ್ಡಿನಲ್ಲಿ ಜಾಗವೇ ಇಲ್ಲ, ಬರೀ ನಕ್ಷೆ. ಅದನ್ನು ತಾವೇ ಒರೆಸಲು ಕೈ ಬರಲಿಲ್ಲ.

"ಯಾರಾದ್ರೂ ಬೋರ್ಡ್ ಒರ್ಸ್ರಪ್ಪ."

ಮಹಾಮಂತ್ರಿ ಎದ್ದು ಸೇನಾಪತಿಗೆ ಆಜ್ಞೆ ಮಾಡಿದ. "ಒರ್ಸೋದು ಸೇನಾಪತಿ ಕೆಲಸ ಅಲ್ಲ" ಎಂದು ಸೇನಾಪತಿ ಉಪಸೇನಾಪತಿಯನ್ನು ತಿವಿದ. ಆತ ಕಿಟಕಿ ಪಕ್ಕದ ಪ್ರಾಂತ್ಯದ ಒಡತಿಗೆ ಹೇಳಿದ. ಡಸ್ಟರ್ ಇರುವ ಜಾಗ ತನ್ನ ಗಡಿಗೆ ಸೇರಿಲ್ಲವೆಂದು ಅವಳು ಕೈಕಟ್ಟಿ ಕುಳಿತಳು. ತಮ್ಮ ಮೂವರಲ್ಲಿ ದೊಡ್ಡವರು ಯಾರೆಂದು ಕುದುರೆ ಮುಖ್ಯಸ್ಥರಿಗೆ ಜಗಳ ಹತ್ತಿಕೊಂಡಿತು. ಬಾಗಿಲ ಬಳಿಯ ಬೆಂಚು ಸ್ವಾತಂತ್ರ್ಯ ಸಾರಿತು! ಕೋಶಾಧ್ಯಕ್ಷೆ ಸೀಮೆಸುಣ್ಣದ ಡಬ್ಬಿಯೊಂದಿಗೆ ಹೊಸ ರಾಜ್ಯಕ್ಕೆ ಹಾರಿದಳು. ಸೈನ್ಯ ಡೆಸ್ಕು ಹತ್ತಿ ಕುಣಿಯಿತು. ಈ ಗದ್ದಲದಲ್ಲಿ ಗಡಿಯನ್ನು ಯಾರೂ ಕಾಯಲಿಲ್ಲ. ಹೆಡ್‌ಮಿಸ್ಟ್ರೆಸ್ ಎದ್ದು, ಬೆಂಚುಗಳ ನಡುವೆ ನೆಟ್ಟಗೆ ರಾಜಧಾನಿಗೆ ನಡೆದು ಬಂದು, ಟೀಚರ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಸೈನ್ಯ ಡೆಸ್ಕಿನಿಂದ ದಡಬಡನೆ ಇಳಿಯಿತು. ಟೀಚರಿಗೆ ಮೊದಲು ಅಳು ಬಂತು, ಹಿಂದೆಯೇ ತಡೆಯಲಾರದ ನಗು.

"ಅಯ್ಯೋ, ಹೀಗೇ ಕಣ್ರೋ! ಹೀಗೇ ಬಿದ್ದಿದ್ದು! ಗಡಿ ಉದ್ದ ಆಯ್ತು, ಅಧಿಕಾರ ಎಲ್ರಿಗೂ ಸಿಕ್ತು, ಕೆಲ್ಸ ಮಾತ್ರ ಯಾರ್ದೂ ಅಲ್ಲ. ಒಳಗೊಳಗೇ ಕಿತ್ತಾಡ್ತಿದ್ರೆ ಹೊರಗಿನವ್ರು ಬರ್ದೆ ಇರ್ತಾರಾ?"

"ಅಷ್ಟೊಂದು ಪದವಿ ಕೊಟ್ಟಿದ್ದು ಯಾರು?" ಹೆಡ್‌ಮಿಸ್ಟ್ರೆಸ್ ಕೇಳಿದರು.

"ನಾನೇ ಮೇಡಂ. ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಹೆಡ್‌ಮಿಸ್ಟ್ರೆಸ್ ತುಟಿ ಬಿಗಿಹಿಡಿದಿದ್ದರು. ಭುಜಗಳು ಮಾತ್ರ ಕುಲುಕುತ್ತಿದ್ದವು. "ಬಿತ್ತು ಅಂತ ಹೇಗ್ರೀ ನಂಬ್ಲಿ? ಬೋರ್ಡ್ ಮೇಲೆ ಹಾಗೇ ಇದೆಯಲ್ಲ" ಎಂದು ಡಸ್ಟರ್ ಚಾಚಿದರು.

ಟೀಚರ್ ಒರೆಸಿದರು. ಬೆಟ್ಟಗಳು ಹೋದವು, ಹೆದ್ದಾರಿಗಳು ಹೋದವು, ಅರಮನೆಯೂ ಹೋಯಿತು. ಮೂಲೆಯಲ್ಲೊಂದು ನೀಲಿ ಬಂದರು ಉಳಿಯಿತು. ಅಲ್ಲಿ ಕೈ ನಿಂತಿತು.

"ಅದೊಂದು ಇರ್ಲಿ ಟೀಚರ್" ಎಂದು ಮೂವರು ಕುದುರೆ ಮುಖ್ಯಸ್ಥರೂ ಮೊದಲ ಬಾರಿಗೆ ಒಗ್ಗಟ್ಟಾಗಿ ಬೇಡಿಕೊಂಡರು.

ಟೀಚರ್ ಕಣ್ಣು ಗಟ್ಟಿಯಾಗಿ ಮುಚ್ಚಿ ಅದನ್ನೂ ಒರೆಸಿದರು. ಬೆಲ್ ಹೊಡೆಯಿತು.

"ನಾಳೆ ಏಳನೇ ಪಾಠ, ನೀವೇ ಶುರು ಮಾಡಿ" ಎಂದು ಹೆಡ್‌ಮಿಸ್ಟ್ರೆಸ್ ಸೆರಗು ಕೊಡವಿಕೊಂಡು ಎದ್ದರು. "ಕುದುರೆಗೆ ಮುಖ್ಯಸ್ಥರು ಒಬ್ರೇ ಸಾಕು."

ಆ ಸಂಜೆ ಟೀಚರ್ ಚಹಾವನ್ನು ತಳ ಕಾಣುವಂತೆ ಕುಡಿದು ಲೋಟ ಬೋರಲು ಹಾಕಿದರು. ಗಂಡ ಯಂತ್ರ ನಿಲ್ಲಿಸಿ, ಓಡಿಬಂದು ಹಣೆ ಮುಟ್ಟಿ ನೋಡಿದ.

"ಯಾಕೇ, ಹುಷಾರಾಗಿದೀಯಾ ತಾನೇ?"

"ಸಾಮ್ರಾಜ್ಯ ಬೀಳಿಸಿ ಬಂದಿದೀನಿ ಕಣ್ರೀ" ಎಂದರು ಟೀಚರ್. "ಇನ್ನೊಂದು ಲೋಟ ಹಾಕ್ಕೊಂಡು ಬನ್ನಿ."