ಕಲ್ಲುಗುಡ್ಡೆಯ ಮಾಗಳಿ

ಮಾಗಳಿ ಬೇರಿನ ವಾಸನೆ ಕೆಲವರಿಗೆ ಪ್ರಾಣ, ಕೆಲವರಿಗೆ ಪ್ರಾಣಸಂಕಟ. ನಮ್ಮ ಯಜಮಾನರದು ಎರಡನೇ ಪಂಗಡ. ನಾನು ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದರೆ ಸಾಕು, "ತಿಗಣೆ ಹೊಸಕಿದೋರು ಯಾರೇ?" ಅಂತ ಮೂಗು ಹಿಡ್ಕೊಂಡು ಜಗಲಿಗೆ ಹೋಗಿಬಿಡೋರು. ನಾನು ಕೊಣನೂರು ಕಡೆಯವಳು. ಮೊಸರಲ್ಲಿ ನೆನೆದ ಒಂದು ಹೋಳು ಮಾಗಳಿ ಇದ್ದರೆ ನನಗೆ ಪಲ್ಯ ಬೇಡ, ಸಾರು ಬೇಡ. ಸಂತೆಯಲ್ಲಿ ಬೇರು ಸಿಗೋದು ಕಮ್ಮಿಯಾದ ಕಾಲಕ್ಕೆ ಒಂದ್ಸಲ ತೌರಿಗೆ ಹೋಗಿದ್ದಾಗ ಅಮ್ಮ ಮೊಳಕೆ ಕಣ್ಣಿದ್ದ ಒಂದು ತುಂಡನ್ನು ಒದ್ದೆ ಬಟ್ಟೇಲಿ ಸುತ್ತಿ ಕೈಗಿಟ್ಟಳು. "ಗುಡ್ಡದಾಗೆ ಎಲ್ಲಾ ಬಗೆದು ಮುಗಿಸ್ಬುಟ್ಟವ್ರೆ ಕಣವ್ವ. ನಿನ್ನ ಇತ್ಲಲ್ಲಿ ಆಕ್ಕೊ. ಉಳ್ಕಂಡ್ರೆ ನಿನ್ನ ಪುಣ್ಯ" ಅಂದಳು.

ನಾನು ಸೇರಿದ ಊರು ದಂಡಿಗನಹಳ್ಳಿ ಪಕ್ಕದ್ದು. ಬಂದವಳೇ ಬೇರನ್ನು ಎರಡು ತುಂಡು ಮಾಡಿ, ಒಂದನ್ನು ಬಚ್ಚಲ ನೀರು ಹರಿಯೋ ಕಡೆ ನೆಟ್ಟೆ. ಬಾಣಂತಿ ಮಗೂನ ನೋಡ್ಕೊಂಡ ಹಾಗೆ ನೋಡ್ಕೊಂಡೆ, ಹೊತ್ತು ಹೊತ್ತಿಗೆ ನೀರು ಹಾಕಿದೆ. ಕೊಳೆತು ನಾರಿತು. ನನಗೆ ಸಿಟ್ಟು ಮೂಗಿನ ತುದೀಲೇ ಇರೋದು. ಉಳಿದ ತುಂಡನ್ನು "ಸಾಯೋದಾದ್ರೆ ಅಲ್ಲೇ ಸಾಯಿ" ಅಂತ ಹಿತ್ತಲ ಹಿಂದಿನ ಕಲ್ಲುಗುಡ್ಡೆಗೆ ಎಸೆದೆ. ಅದನ್ನ ಹುಡುಕಿ ಎತ್ತಿ, ಎರಡು ಬಂಡೆ ನಡುವಿನ ಗರಸು ಮಣ್ಣಿನ ಸಂದಿಗೆ ಸೇರಿಸಿದವಳು ಪಕ್ಕದ ಮನೆ ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಅವರು ಜೈನರು, ನಾವು ಶಿವಪೂಜೆಯವರು, ನಡುವೆ ಒಂದು ಮೋಟು ಗೋಡೆ. ಅವಳ ಗಂಡನ್ನ ನಾನು ಭಾವ ಅನ್ನೋದು. ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಬಿಳೀ ಪಂಚೆಗೆ ಒಂದು ಕಲೆ ಆಗದ ಹಾಗೆ ಬದುಕಿದವರು. ಅವರ ಮನೇಲಿ ಹೊತ್ತು ಮುಳುಗೋಕೆ ಮುಂಚೆ ಊಟ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿ, ನೆಲದೊಳಗೆ ಬೆಳೆಯೋದು ಯಾವುದೂ ಹೊಸ್ತಿಲು ದಾಟಂಗಿಲ್ಲ. ಬುಡ ಕಿತ್ತರೆ ಗಿಡದ ಜೀವ ಹೋಗತ್ತೆ, ಬೇರು ನೆಚ್ಚಿಕೊಂಡ ಸಣ್ಣಪುಟ್ಟ ಜೀವಗಳೂ ಹೋಗ್ತವೆ ಅನ್ನೋದು ಅವರ ನಂಬಿಕೆ. ಅಂಥವಳು ಬೇರಿನ ಗಿಡ ನೆಟ್ಟಿದ್ದು ನೋಡಿ ನನಗೆ ನಗು ಬಂತು. "ಊರಿಗೊಂದು ದಾರಿಯಾದ್ರೆ ನಿಂಗೇ ಒಂದು ದಾರಿ. ತಿನ್ನೋಳಲ್ಲ, ಉಣ್ಣೋಳಲ್ಲ, ನಿಂಗ್ಯಾಕಕ್ಕ ಈ ಉಸಾಬರಿ?" ಅಂದೆ. "ತಿನ್ನಲಿಲ್ಲ ಅಂದ್ರೆ ಬೆಳೆಸಬಾರ್ದಾ? ನೀನು ಮಾತ್ರ ಆ ಕಡೆ ನೀರು ಹುಯ್ಯೋಕೆ ಚೊಂಬು ಹಿಡ್ಕೊಂಡು ಬಂದರೆ ಕಾಲು ಮುರೀತೀನಿ" ಅಂದಳು.

ನೀರಿಲ್ಲದೇನೇ ಅದು ಹಬ್ಬಿತು. ಒಂದು ಮಳೆ ಬಿದ್ದರೆ ಸಾಕು, ಕೆಂಪು ಚಿಗುರು ಬಂಡೆ ಮೇಲೆ ಹರಿಯೋದು. ಎಲೆ ಮುರಿದರೆ ಹಾಲು. ಕಾಯಿ ಜೋಡಿ ಜೋಡಿಯಾಗಿ, ಮೇಕೆ ಕೊಂಬಿನ ಹಾಗೆ. ಬೇಸಿಗೇಲಿ ಎಲೆಯೆಲ್ಲ ಉದುರಿ, ಒಣ ಹಂಬಾಗಿ, ಇದು ಸತ್ತೇ ಹೋಯ್ತು ಅನ್ನೋ ಹಾಗೆ ಬಿದ್ದಿರೋದು. ಮೇಕೆ ಬಾಯಿ ಹಾಕದ ಹಾಗೆ ಅಕ್ಕ ಜಾಲಿ ಮುಳ್ಳು ತಂದು ಸುತ್ತ ಕಟ್ಟಿದ್ದಳು. ತೆಂಗಿನ ತ್ವಾಟದ ಡ್ರಿಪ್ ಪೈಪು ಎಲ್ಲಾದರೂ ಸೋರಿ ಆ ಕಡೆ ನೀರು ಹರಿದರೆ ನಮ್ಮ ಯಜಮಾನರಿಗೇ ಗೋಡೆ ಮೇಲಿಂದ ಬೈಗುಳ. ಅವರು ಪಾಪ ಓಡಿಹೋಗಿ ಪೈಪಿಗೆ ಬಟ್ಟೆ ಸುತ್ತೋರು.

ಬೇರು ಬಲಿತ ವರ್ಷ ನಾನು ಹಾರೆ ತಗೊಂಡು ಹೊರಟರೆ ಅಕ್ಕ ಮುಳ್ಳುಬೇಲಿ ಮುಂದೆ ನಿಂತುಬಿಟ್ಟಳು. "ಬುಡಕ್ಕೆ ಕೈ ಹಾಕಂಗಿಲ್ಲ" ಅಂದಳು. ಎರಡು ದಿನ ಮಾತು ಬಿಟ್ಟೆ. ಆಮೇಲೆ ಒಂದು ಒಪ್ಪಂದ ಆಯ್ತು. ಬುಡದಿಂದ ಒಂದು ಮೊಳ ದೂರದಲ್ಲಿ ಬರೀ ಕೈಲಿ, ಮುರುಕು ಸೌಟಲ್ಲಿ ಮಣ್ಣು ಬಗೆಯಬೇಕು. ಪಕ್ಕಕ್ಕೆ ಚಾಚಿದ ಬೆರಳು ಗಾತ್ರದ ಒಂದೋ ಎರಡೋ ಬೇರು ಮಾತ್ರ ಕೊಯ್ಯಬೇಕು. ಕೊಯ್ದ ಬಾಯಿಗೆ ಬೂದಿ ಹಚ್ಚಿ, ಮಣ್ಣು ಮುಚ್ಚಿ, ಮೇಲೆ ಕಲ್ಲಿಡಬೇಕು. ಮಾರನೇ ವರ್ಷ ಬೇರೆ ಮಗ್ಗುಲು. ನನ್ನ ತೌರಲ್ಲಿ ಯಾರೂ ಹೀಗೆ ತೆಗೆದಿದ್ದು ನಾನು ಕಂಡಿಲ್ಲ. ಆದರೆ ಗುಡ್ಡದ ಮಾಗಳಿಯೆಲ್ಲ ಹೋಗಿ ನಮ್ಮ ಒಂದು ಬಳ್ಳಿ ವರ್ಷಗಟ್ಟಲೆ ಉಳಿದಿದ್ದು ಅವಳ ಈ ಹಟದಿಂದಲೇ.

ಜಾಡಿ ತೆಗೆಯೋ ದಿನ ಅವಳು ಯಾವುದೋ ನೆಪ ಮಾಡಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲೋಳು. ಮೂಗಿನ ಹೊಳ್ಳೆ ಅರಳೋದು. "ಏನಕ್ಕಾ, ವಾಸನೇಲೇ ಅರ್ಧ ಖಾಲಿ ಮಾಡ್ತೀಯಲ್ಲ, ಸುಮ್ನೆ ಬಾಯಿಗೇ ಹಾಕ್ಕೊಂಬಿಡು" ಅಂತ ಕೆಣಕೋಳು ನಾನು. "ಹೋಗೇ ಪಾಪಿ" ಅಂತ ನಗೋಳು. ಒಂದು ದಿನವೂ ಕೈ ಚಾಚಲಿಲ್ಲ.

ಹೋದ ವರ್ಷ ಅವಳಿಗೆ ಅನ್ನ ನುಂಗೋಕೆ ಕಷ್ಟ ಆಯ್ತು. ಮೊದಲು ಗ್ಯಾಸು ಅಂದ್ಕೊಂಡೆವು. ಆಮೇಲೆ ಮುದ್ದೆ ಇಳೀಲಿಲ್ಲ, ಆಮೇಲೆ ಗಂಜಿ. ಹಾಸನದ ಆಸ್ಪತ್ರೇಲಿ ಅನ್ನನಾಳದಲ್ಲಿ ಗಡ್ಡೆ ಅಂದರು, ಎರಡು ಸಲ ಕೀಮೋ ಅಂತ ಔಷಧಿ ಏರಿಸಿದರು, ಮೂರನೇ ಸಲಕ್ಕೆ "ಮನೇಲೇ ನೋಡ್ಕೊಳ್ಳಿ" ಅಂದರು. ಆ ಮಾತಿನ ಅರ್ಥ ಗೊತ್ತಾಗದಷ್ಟು ದಡ್ಡರು ಯಾರೂ ಇರಲಿಲ್ಲ. ವಾಪಸ್ ಬರುವಾಗ ಕಾರಲ್ಲಿ ಅವಳೇ, "ಹುಟ್ಟಿದಾಗಿಂದ ಗಡ್ಡೆ ಮುಟ್ಟದೋಳ ಒಳಗೇ ಗಡ್ಡೆ ಬೆಳೀತು ನೋಡೇ" ಅಂತ ನಕ್ಕಳು. ನಾನು ಕಿಟಕಿ ಕಡೆ ತಿರುಗಿಕೊಂಡೆ. ಯಾರಿಗೆ ಬೈಯಬೇಕೋ ಗೊತ್ತಾಗದೆ ಮುಂದಿದ್ದ ಡ್ರೈವರಿಗೆ ಮೆಲ್ಲಗೆ ಓಡಿಸೋಕೆ ಬರಲ್ವಾ ಅಂತ ಬೈದೆ.

ಅರಕಲಗೂಡಲ್ಲಿದ್ದ ಅವಳ ಮಗಳು ಬಂದು ಹೋಗಿ ಮಾಡೋಳು. ಉಳಿದಂತೆ ಭಾವ, ನಾನು. ಯಾವುದೂ ಅವಳಿಗೆ ಸೇರುತ್ತಿರಲಿಲ್ಲ. ಅನ್ನ ಬೇಯೋ ವಾಸನೆಗೇ ವಾಂತಿ. ಎಳನೀರು ಎರಡು ಚಮಚ ಹೋದರೆ ಅವತ್ತು ಹಬ್ಬ. ಒಂದು ದಿನ ತಲೆ ಬಾಚುತ್ತಾ ಇದ್ದೆ, ಕೂದಲೆಲ್ಲ ಬಾಚಣಿಗೆಗೇ ಬರೋದು. ಆಗ ಕೇಳಿದಳು, "ಈ ಸಲ ಮಾಗಳಿ ಹಾಕಿದ್ಯಾ?"

"ಎಲ್ಲಿ ಹಾಕ್ಲಿ, ನಿನ್ನ ಹಿಂದೆ ಆಸ್ಪತ್ರೆ ಸುತ್ತೋದೇ ಆಯ್ತಲ್ಲ" ಅಂದೆ.

ಉದುರಿದ ಕೂದಲನ್ನ ಬೆರಳಿಗೆ ಸುತ್ತಿಕೊಳ್ತಾ ಅಂದಳು. "ಪಕ್ಕದ ಬೇರು ತೆಗೆದ್ರೆ ಗಿಡ ಸಾಯಲ್ಲ ಅಲ್ವೇನೇ? ನಾವೇ ನೋಡಿದ್ದೀವಲ್ಲ. ಜೀವ ಹೋಗದೇ ಇದ್ರೆ ಅದು ಸೊಪ್ಪು ಚಿವುಟಿದ ಹಾಗೇ ಅಲ್ವಾ? ಒಂದು ಚೂರು ನಾಲಿಗೆ ಮೇಲೆ ಇಟ್ಕೊಂಡು ಉಗುಳ್ತೀನಿ. ನುಂಗೋಕಂತೂ ಆಗಲ್ಲ."

ನನ್ನ ಕೈಲಿದ್ದ ಬಾಚಣಿಗೆ ನಿಂತೇ ಹೋಯ್ತು. ಇಷ್ಟು ವರ್ಷ ಇದನ್ನೇ ಲೆಕ್ಕ ಹಾಕ್ತಾ ಇದ್ಲಾ ಇವಳು ಅನ್ನಿಸಿತು. ಭಾವ ಬಾಗಿಲಲ್ಲೇ ನಿಂತಿದ್ದರು, ಕೇಳಿಸಿಕೊಂಡರು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಮಾರನೇ ದಿನ ನನ್ನ ತೌರಲ್ಲಿ ಅಪ್ಪನ ತಿಥಿ. "ಹೋಗಿ ಸಂಜೆಗೇ ಬತ್ತೀನಿ, ನಾಡಿದ್ದು ಬೆಳಗ್ಗೆ ತೆಗೆದು, ಮೊಸರಲ್ಲಿ ಅದ್ದಿ ಹಸೀದೇ ತಂದು ಕೊಡ್ತೀನಿ. ಅಲ್ಲೀವರೆಗೆ ಹಟ ಮಾಡದೆ ಎಳನೀರು ಕುಡಿ" ಅಂದೆ. ಸಣ್ಣ ಹುಡುಗಿ ಹಾಗೆ ತಲೆಯಾಡಿಸಿದಳು. ಅವತ್ತು ಅವಳು ಅರ್ಧ ಲೋಟ ಕುಡಿದಳು, ಅದು ನಿಂತಿತು ಕೂಡ. ಎಷ್ಟೋ ತಿಂಗಳಾದ ಮೇಲೆ ನನಗೆ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ನಾನು ಕೊಣನೂರಿಗೆ ಹೋದ ಆ ಬೆಳಗ್ಗೆ ಅವಳಿಗೆ ರಕ್ತ ವಾಂತಿಯಾಯ್ತಂತೆ. ಭಾವ ಹೆದರಿಬಿಟ್ಟರು. ನಾಳೆ ಅನ್ನೋದು ಇರುತ್ತೋ ಇಲ್ವೋ ಅನ್ನಿಸಿತಂತೆ. ಹುಟ್ಟಿದಾಗಿಂದ ಒಂದು ಗಡ್ಡೆ ಕಿತ್ತವರಲ್ಲ, ಒಂದು ಬೇರು ಮುಟ್ಟಿದವರಲ್ಲ. ಅವರಿಗೆ ಬೇರು ತೆಗೆಯೋದು ಅಂದರೆ ಗಿಡ ಕೀಳೋದು, ಅಷ್ಟೇ. ಒಂದು ಮೊಳ ದೂರ, ಸೌಟು, ಬೂದಿ, ಇದೆಲ್ಲ ನಾವಿಬ್ಬರು ಹೆಂಗಸರು ಗುಡ್ಡೆ ಹಿಂದೆ ಮಾಡಿಕೊಂಡಿದ್ದು, ಅವರಿಗೆ ಯಾರು ಹೇಳಿದ್ದರು? ನಮ್ಮ ಹಿತ್ತಲಿಂದ ಹಾರೆ ತಗೊಂಡಿದ್ದಾರೆ. ಅಡ್ಡ ಬರುತ್ತೆ ಅಂತ ಹಂಬೆಲ್ಲ ಬುಡಕ್ಕೇ ಕೊಯ್ದು ಹಾಕಿ, ಬುಡಕ್ಕೆ ಹಾರೆ ಕೊಟ್ಟು ಮೀಟಿದ್ದಾರೆ. ಬಂಡೆ ಜರುಗಿ ಬುಡ ಎರಡು ಸೀಳಾಗಿದೆ. ಒಂದು ಬೇರೂ ಬಿಡದೆ ಬಗೆದು, ತೊಳೆದು, ಹೊಸ ಟವಲಲ್ಲಿ ಸುತ್ತಿ ತಂದು ಅವಳ ಹಾಸಿಗೆ ಮೇಲೆ ಬಿಚ್ಚಿದ್ದಾರೆ. "ತಗೋ, ಎಷ್ಟು ಬೇಕಾದ್ರೂ ತಗೋ" ಅಂದರಂತೆ.

ಸಂಜೆ ನಾನು ಹೋದಾಗ ಮನೆ ತುಂಬ ಮಾಗಳಿ ವಾಸನೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಭಾವ ಮೂಲೇಲಿ ಕೂತಿದ್ದರು. ಉಗುರಲ್ಲೆಲ್ಲ ಮಣ್ಣು, ಅಂಗೈ ತುಂಬ ಬೊಬ್ಬೆ. "ಬುಡಾನೇ ಬಂದುಬಿಟ್ಟಿದೆ ಕಣೇ" ಅಂದಳು ಅಕ್ಕ, ತಿರುಗದೇ. "ನನ್ನ ನಾಲಿಗೆ ಚಪಲಕ್ಕೆ ಒಂದು ಜೀವ ಹೋಯ್ತು. ಇನ್ನು ನೀರು ಬಿಟ್ಟು ಏನೂ ಬೇಡ, ನಿಯಮ ತಗೊಂಡಾಯ್ತು." ನಾನು ಬೈದೆ. ಗಿಡಕ್ಕೋಸ್ಕರ ಉಪವಾಸ ಬೀಳ್ತೀಯಾ, ನಿನ್ನ ಜೀವ ಜೀವ ಅಲ್ವಾ, ಯಾವ ದೇವರು ಮೆಚ್ಚುತ್ತಾನೆ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಅಲ್ಲಾಡಲಿಲ್ಲ. "ಮತ್ತೆ ನೆಟ್ಟು ನೋಡು. ಚಿಗುರಿದ್ರೆ ಹೇಳು, ಎಳನೀರು ಕುಡೀತೀನಿ" ಅಂದಳು.

ಸೀಳಿದ ಬುಡವನ್ನು ದಾರದಲ್ಲಿ ಬಿಗಿದು, ಬೂದಿ ಹಚ್ಚಿ, ಅದೇ ಸಂದಿಯಲ್ಲಿ ಹೂತೆ. ಬೆಳಗ್ಗೆ ಹೋಗಿ ನೋಡಿದರೆ ಮಣ್ಣು ಕೆಸರಾಗಿತ್ತು. ಭಾವ ಬಿಂದಿಗೆಗಟ್ಟಲೆ ನೀರು ಹುಯ್ದಿದ್ದರು. "ಭಾವ, ಅದಕ್ಕೆ ನೀರು ಆಗಲ್ಲ, ದಮ್ಮಯ್ಯ" ಅಂದೆ. ತಲೆಯಾಡಿಸಿದರು. ನಾನು ಆ ಕಡೆ ಹೋಗೋದೇ ತಡ, ಮತ್ತೆ ಹುಯ್ದರು. ಸುಮ್ಮನೆ ಕೂರೋಕೆ ಆಗುತ್ತಿರಲಿಲ್ಲ ಅವರ ಕೈಲಿ. ನನಗೆ ಅವರ ಕತ್ತು ಹಿಸುಕಬೇಕು ಅನ್ನಿಸುತ್ತಿತ್ತು, ಮುಖ ನೋಡಿದರೆ ಕರುಳು ಕಿತ್ತು ಬರೋದು. ವಾರ ಕಳೆಯೋದರೊಳಗೆ ಬುಡ ಮೆತ್ತಗಾಯ್ತು, ಬೆರಳು ಒತ್ತಿದರೆ ಒಳಗೆ ಹೋಯ್ತು.

ಅಕ್ಕ ದಿನಾ ಕೇಳೋಳು. ಇನ್ನೂ ಇಲ್ಲ, ಇನ್ನೂ ಇಲ್ಲ ಅನ್ನೋಳು ನಾನು. ಅವಳ ತೋಳು ನನ್ನ ಬಳೆಯೊಳಗೆ ಹೋಗೋಷ್ಟಾಗಿತ್ತು. ಒಂದು ಬೆಳಗ್ಗೆ ತಡೆಯೋಕಾಗಲಿಲ್ಲ. ಎಳನೀರು ಕೆತ್ತಿಸಿ, ಲೋಟಕ್ಕೆ ಬಗ್ಗಿಸಿಕೊಂಡೇ ಹೋದೆ. "ಅಕ್ಕಾ, ಚಿಗುರಿದೆ! ಕೆಂಪಗೆ, ಅಕ್ಕಿ ಕಾಳಷ್ಟು. ಈಗ ನೋಡ್ಕೊಂಡು ಬಂದೆ. ಬಾಯಿ ತೆಗಿ" ಅಂದೆ. ಅವಳ ಕಣ್ಣಲ್ಲಿ ಜೀವ ಬಂತು. ತಲೆಯೆತ್ತೋಕೆ ನೋಡಿದಳು. ನಾನು ಚಮಚ ತುಂಬಿ ತುಟಿಗೆ ಹಿಡಿದೆ. ಅವಳು ಅದನ್ನ ಬಾಯಿಗೆ ತಗೊಳ್ಳೋ ಮುಂಚೆ, "ಹೌದಾ ರೀ?" ಅಂತ ಪಕ್ಕದಲ್ಲೇ ಕೂತಿದ್ದ ಭಾವನ್ನ ಕೇಳಿದಳು. ಮದುವೆಯಾದಾಗಿಂದ ಆ ಮನುಷ್ಯ ಅವಳ ಹತ್ತಿರ ಸುಳ್ಳಾಡಿದವರಲ್ಲ. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಅವಳ ಕಡೆ ತಿರುಗಿದರು.

"ಇಲ್ಲ. ಕೊಳೆತುಹೋಗಿದೆ" ಅಂದರು.

ಅಕ್ಕ ತಲೆ ಕೆಳಗಿಟ್ಟಳು. ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ನನ್ನ ಕೈ ಹಿಡಿದು ಚಮಚವನ್ನು ಮೆಲ್ಲಗೆ ಆ ಕಡೆ ತಳ್ಳಿದಳು. ಆಮೇಲೆ ನೀರನ್ನೂ ಬಿಟ್ಟಳು. ಮೂರನೇ ದಿನ ಹೊತ್ತು ಮುಳುಗೋ ಮುಂಚೆ ಹೋದಳು.

ಎಲ್ಲ ಕಾರ್ಯ ಮುಗಿದು, ಮಗಳು ಅರಕಲಗೂಡಿಗೆ ಹೋದ ಮೇಲೂ ನಾನು ಭಾವನ ಜೊತೆ ಮಾತಾಡಿರಲಿಲ್ಲ. ಒಂದು ಮಧ್ಯಾಹ್ನ ಅವರೇ ನಮ್ಮ ಜಗಲಿಗೆ ಬಂದು ಕೂತರು. ಪಂಚೆ ಮಾಸಿತ್ತು. ಮಜ್ಜಿಗೆ ಕೊಟ್ಟೆ, ಮುಟ್ಟಲಿಲ್ಲ. ನೆಲ ನೋಡ್ತಾ ಕೇಳಿದರು. "ಅವತ್ತು ನಾನೂ ಹೂಂ ಅಂದಿದ್ರೆ ಕುಡೀತಿದ್ಲಲ್ಲಮ್ಮ. ಇನ್ನೊಂದಷ್ಟು ದಿನ ಇರ್ತಿದ್ಲಾ?"

ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಬೈಗುಳ ಎಲ್ಲ ಬಾಯಿಗೆ ಬಂದಿತ್ತು. ಅವರ ಅಂಗೈ ನೋಡಿದೆ, ಬೊಬ್ಬೆ ಒಡೆದ ಜಾಗದಲ್ಲಿ ಚರ್ಮ ಇನ್ನೂ ಕೂಡಿರಲಿಲ್ಲ.

"ಇಲ್ಲ ಭಾವ. ಹಿಂದಿನ ದಿನವೇ ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಎಳನೀರು ಹೋದ್ರೂ ಅಷ್ಟೇ, ಹೋಗದಿದ್ರೂ ಅಷ್ಟೇ ಅಂದಿದ್ರು" ಅಂದೆ.

ನಾನು ಯಾವ ಡಾಕ್ಟರಿಗೂ ಫೋನ್ ಮಾಡಿರಲಿಲ್ಲ. ಭಾವ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮಜ್ಜಿಗೆ ಲೋಟ ಎತ್ತಿಕೊಂಡು ಕುಡಿದರು.