ಬಣ್ಣ ಹಾಕದ ಬೆಡ್‌ಶೀಟು

ಮೈಸೂರಿನ ಸಾವಯವ ಸಂತೆಯಲ್ಲಿ ಆ ಬೆಡ್‌ಶೀಟು ಕೊಂಡಾಗ ನನಗೆ ಭೂಮಿತಾಯಿಯ ಅರ್ಧ ಭಾರ ಇಳಿಸಿದಷ್ಟು ಹೆಮ್ಮೆ. ಔಷಧಿ ಹೊಡೆಯದೆ ಬೆಳೆದ ಹತ್ತಿ. ಬ್ಲೀಚಿಲ್ಲ, ಬಣ್ಣವಿಲ್ಲ. ಕ್ಯಾತನಹಳ್ಳಿಯ ಮನೆಗೆ ತಂದು ನಡುಮನೆಯ ಮಂಚದ ಮೇಲೆ ಹಾಸಿದೆ. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನವ್ವ, ಎಣಕ್ಕೊದ್ಸೋ ಬಟ್ಟೆ ತಂದು ಆಸಿದ್ದೀಯಾ?"

"ಸಾವಯವ ಹತ್ತಿ ಅತ್ತೆ, ಮೈಗೆ ಒಳ್ಳೇದು."

"ಎಸ್ರಲ್ಲೇ ಸಾವು ಅದೆಯಲ್ಲವ್ವ!"

ನಾನು ಕನ್ನಡ ಮೇಷ್ಟ್ರಮ್ಮ. ಆದರೂ ಸಾವಯವವನ್ನು ಹೀಗೆ ಬಿಡಿಸುವುದನ್ನು ಯಾವ ತರಗತಿಯಲ್ಲೂ ಕೇಳಿರಲಿಲ್ಲ.

ಅಷ್ಟರಲ್ಲಿ ಮಾವ ಕಬ್ಬಿನ ತರಗು ಸುಲಿದು ಬಂದು, ಮೈ ತೊಳೆದುಕೊಂಡು ಒಳಗೆ ಬಂದರು. ನಮ್ಮ ಮಾತು ಕೇಳಿಸಿಕೊಂಡವರೇ ಸೀದಾ ಮಂಚ ಹತ್ತಿ ಅಂಗಾತ ಮಲಗಿದರು. ಕಾಲಿನ ಹೆಬ್ಬೆರಳೆರಡನ್ನೂ ಜೋಡಿಸಿ ಕಣ್ಣು ಮುಚ್ಚಿದರು.

"ಎಂಗ್ ಕಾಣ್ತೀನಿ ನೋಡಮ್ಮಿ. ಒಂಚೂರು ಅತ್ತುಬುಡು, ಊರೋರು ಬರ್ಲಿ."

"ಥೂ, ನಿಮ್ ಬಾಯ್ಗೆ ಮಣ್ಣಾಕ! ಏಳಿ ಮ್ಯಾಕೆ!"

ಅತ್ತೆ ಗದರಿದರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಹೆಣ ಗೊರಕೆ ಹೊಡೆಯಿತು. ತರಗಿನ ನವೆಗೆ ಪಾಲಿಯೆಸ್ಟರ್ ಶೀಟಿನ ಮೇಲೆ ಬೆವರಿ, ಕೆರೆದುಕೊಂಡು, ಕಬ್ಬಿನ ದುಡ್ಡು ಕೊಡದ ಸಕ್ಕರೆ ಕಾರ್ಖಾನೆಯವರನ್ನು ಬೈದುಕೊಂಡು ಮಲಗುತ್ತಿದ್ದ ಮನುಷ್ಯ ಅಂದು ಕಾಫಿ ಹೊತ್ತಿಗೇ ಎದ್ದಿದ್ದು.

"ಸತ್ರೂ ಇದನ್ ಬುಡಕಿಲ್ಲ ಕಣವ್ವ," ಅಂದರು.

ಅತ್ತೆಗೆ ಮಾತ್ರ ಆ ಮಾಸಲು ಬಿಳುಪು ಕಣ್ಣಿಗೆ ಚುಚ್ಚುತ್ತಲೇ ಇತ್ತು. ಮಾರನೆಯ ದಿನ ನಾನು ಪಾಂಡವಪುರದ ಸ್ಕೂಲಿಂದ ಬರುವಷ್ಟರಲ್ಲಿ ಅದನ್ನು ಅರಿಸಿನದ ನೀರಿಗೆ ಅದ್ದಿ, ಹಿತ್ತಲಲ್ಲಿ ಒಣಹಾಕಿದ್ದರು. ಈಗ ಲಕ್ಷಣವಾಗಿದೆ ಎಂದರು. ನನ್ನ ಪರಿಸರಪ್ರೇಮ ತಂತಿಯ ಮೇಲೆ ಹಳದಿಯಾಗಿ ನೇತಾಡುತ್ತಿತ್ತು.

ಆ ರಾತ್ರಿ ಮಾವ ಅದರ ಮೇಲೆ ಬರಿಮೈಯಲ್ಲಿ ಮಲಗಿದರು. ಬೆಳಿಗ್ಗೆ ಹಾಗೇ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಡೈರಿಗೆ ಹಾಲು ಹಾಕಲು ಹೋದರು. ಬೆನ್ನೆಲ್ಲ ಅರಿಸಿನ.

"ಏನ್ ಗೌಡ್ರೇ, ಈ ವಯಸ್ನಲ್ ಮದ್ವೆನಾ?" ಎಂದು ಯಾರೋ ಕೇಳಿದ್ದಾರೆ.

"ಊಂ ಕಣ್ಲಾ. ಅರಿಸಿನ ಆಗೋಯ್ತು, ಎಣ್ಣು ಇನ್ನೂ ಗೊತ್ತಾಗಿಲ್ಲ," ಅಂದಿದ್ದಾರೆ ಮಾವ.

ಈ ಮಾತು ಹಾಲಿನ ಕ್ಯಾನಿಗಿಂತ ಮುಂಚೆ ಮನೆ ತಲುಪಿತ್ತು. ಅತ್ತೆ ಶೀಟನ್ನು ಕಿತ್ತು ಬಟ್ಟೆ ಒಗೆಯುವ ಕಲ್ಲಿಗೆ ಬಡಿದ ಬಡಿತದಲ್ಲಿ ಗೌಡರ ಪಾಲೂ ಇತ್ತು. ನಾಲ್ಕಾರು ಒಗೆತಕ್ಕೆ ಅರಿಸಿನ ಇಳಿದು, ಎಳೆ ಬೆಣ್ಣೆಯ ಬಣ್ಣ ನಿಂತಿತು. ಬಟ್ಟೆಯೂ ಇನ್ನಷ್ಟು ಮೆತ್ತಗಾಯಿತು. ಒಂದು ಮಧ್ಯಾಹ್ನ ಅದರ ಮೇಲೆ ಅತ್ತೆಯೇ ಮಲಗಿ ನಿದ್ದೆ ಮಾಡುತ್ತಿದ್ದರು. ಮಾವ ಪಕ್ಕದಲ್ಲಿ ಜಾಗಕ್ಕೆ ಕಾಯುತ್ತಾ ಬೆನ್ನು ಕೆರೆದುಕೊಳ್ಳುತ್ತಿದ್ದರು.

ಮುಂದಿನ ಸಂತೆಗೆ ಹೊರಟಾಗ ಅತ್ತೆ ಗೇಟಿನ ತನಕ ಬಂದರು. "ದಿಂಬಿನ ಕವರೂ ಸಿಕ್ತದಾ ನೋಡವ್ವ," ಅಂದರು.