ಜೈನಬಿಯ ಕಾಲುದಾರಿ

ಮೊನ್ನೆ ಗದಗಿನ ಮಾರ್ಕೆಟ್ಟಿನಲ್ಲಿ ಕಲ್ಲಂಗಡಿ ಕೊಳ್ಳಲು ನಿಂತಿದ್ದೆ. ಹಣ್ಣು ಆರಿಸುವ ವಿದ್ಯೆ ನನಗೆ ಈ ವಯಸ್ಸಿಗೂ ಬಂದಿಲ್ಲ. ನಾಲ್ಕು ಜನ ಮಾಡುವುದನ್ನು ನೋಡಿ ನಾನೂ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಡಾಕ್ಟರು ರೋಗಿಯ ಬೆನ್ನು ಬಡಿದಂತೆ ಬಡಿಯುತ್ತೇನೆ. ಏನು ಕೇಳಿಸಬೇಕೆಂಬುದು ಮಾತ್ರ ಗೊತ್ತಿಲ್ಲ. ಗಾಡಿಯವನಿಗೆ ನನ್ನ ಅವಸ್ಥೆ ತಿಳಿಯಿತು. ಒಂದು ಹಣ್ಣಿಗೆ ಚಾಕು ಹಾಕಿ ಕೆಂಪು ತುಂಡೊಂದನ್ನು ತೆಗೆದು ಮೂಗಿನ ಮುಂದೆ ಹಿಡಿದ.

"ಹೊಳಿ ಹಣ್ಣ ರೀ ಯಜಮಾನ್ರ, ಬರೇ ಸಕ್ರಿ," ಎಂದ.

"ಯಾವ ಹೊಳಿ?" ಎಂದು ಕೇಳಿದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

"ಹೊಳಿ ಅಂದ್ರ ಹೊಳಿ ರೀ. ಎಲ್ಲಾರೂ ಹಂಗ ಅಂತಾರ, ನಾನೂ ಅಂದೆ," ಎಂದು ಅವನು ಪಾಪ ಹಿಂದೆ ಸರಿದ.

ಬರಿಗೈಯಲ್ಲಿ ಬೆಟಗೇರಿಯ ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಂಡೆ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಅವಳಿಗೆ ಅರ್ಧ ಗೊತ್ತು; ಉಳಿದರ್ಧವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಾನು ಮಾಸ್ತರನಾಗಿ ಬಹಳ ವರ್ಷ ಕಳೆದದ್ದು ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಕೊರ್ಲಹಳ್ಳಿಯಲ್ಲಿ ಬಸ್ಸಿಳಿದು ತುಂಗಭದ್ರೆಯ ದಂಡೆ ಹಿಡಿದು ನಡೆಯಬೇಕು. ಊರ ಹೆಸರು ಬೇಡ. ಅಲ್ಲಿ ಈಗಲೂ ಜನರಿದ್ದಾರೆ, ಅವರ ಮಕ್ಕಳು ನನ್ನ ಶಿಷ್ಯರು. ಮೇಲಾಗಿ, ನಾನು ಹೇಳಹೊರಟ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಆ ಊರಿನಲ್ಲಿ ಹುಸೇನಸಾಬರು ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ಅವರಿಗೆ ಹೊಲವಿರಲಿಲ್ಲ. ಚಳಿಗಾಲದಲ್ಲಿ ನೀರು ಇಳಿದು ಉಸುಕು ಬಯಲಾದಾಗ ಅದೇ ಅವರ ಹೊಲ. ತಂಪು ಸಿಗುವ ತನಕ ಕೈಯಿಂದ ಕಾಲುವೆ ತೋಡಿ, ತಿಪ್ಪೆಗೊಬ್ಬರ ಸುರಿದು, ಬೀಜ ಊರಿ, ಗಾಳಿಗೆ ಮರೆಯಾಗಿ ಜೋಳದ ದಂಟಿನ ತಟ್ಟಿ ಕಟ್ಟುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಉಸುಕಿನ ಮೇಲೆ ಹಸಿರು ಬಳ್ಳಿ ಹರಿದಾಡುತ್ತಿತ್ತು. ಶಾಲೆ ಬಿಟ್ಟ ಮೇಲೆ ನನ್ನ ಕಾಲು ತಾನಾಗಿಯೇ ಅತ್ತ ಹೋಗುತ್ತಿತ್ತು. ನೇಕಾರರ ಮನೆಯ ಮಗ ನಾನು, ಮಗ್ಗದ ಸದ್ದಿನಲ್ಲಿ ಬೆಳೆದವನು. ಅಂಥ ಮೌನ ನನಗೆ ಹೊಸದು.

ಅವರ ಹೆಂಡತಿ ಜೈನಬಿ ಎತ್ತರದ, ನೇರ ಬೆನ್ನಿನ ಹೆಂಗಸು. ವಾರಕ್ಕೊಮ್ಮೆ ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಹೊಳೆ ದಾಟಿ ಆಚೆ ದಂಡೆಯ ಸಂತೆಗೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ದೋಣಿ ಬೇಕಿರಲಿಲ್ಲ. ಉಸುಕಿನಲ್ಲಿ ಒಂದು ಕಾಲುದಾರಿ, ನಡುವೆ ಎರಡು ಕಡೆ ಮೊಣಕಾಲುದ್ದ ನೀರು, ಅಷ್ಟೇ. ಮದುವೆಯಾಗಿ ಬಂದ ವರ್ಷದಿಂದ ಅವಳು ಅದೇ ದಾರಿ ತುಳಿದವಳು. ನಾನೊಮ್ಮೆ ಅವಳ ಹಿಂದೆ ದಾಟಲು ಹೋಗಿ, ನಡುನೀರಿನಲ್ಲಿ ಚಪ್ಪಲಿ ಕಳೆದುಕೊಂಡು, ಧೋತರ ಎತ್ತಿ ಹಿಡಿದು ನಿಂತುಬಿಟ್ಟೆ. ಅವಳು ತಿರುಗಿ ನೋಡಿ, "ಮಾಸ್ತರ್ರ, ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಡ್ರಿ. ಕಣ್ಣ ನೀರಾಗ ಬ್ಯಾಡ, ದಂಡಿ ಮ್ಯಾಲ ಇಡ್ರಿ," ಎಂದಳು. ಆಚೆ ದಂಡೆಗೆ ಹೋಗಿ ಸಂತೆಯ ಜನಕ್ಕೆಲ್ಲ ನನ್ನ ಧೋತರದ ಕಥೆ ಹೇಳಿ ನಗಿಸಿದಳು.

ಹುಸೇನಸಾಬರಿಗೆ ಉಸುಕು ಗೊತ್ತಿದ್ದಂತೆ ಬೇರೆಯವರಿಗೆ ಗೊತ್ತಿರಲಿಲ್ಲ. ಚಿಟಿಕೆಯಷ್ಟು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಡಿದು, "ಇದರಾಗ ಮಣ್ಣ ಐತಿ, ಬಳ್ಳಿ ಕೊಳೀತದ," ಎಂದು ಉಗುಳುವರು. ಎಲ್ಲಿ ಮೂರಾಳು ಆಳ, ಎಲ್ಲಿ ಕೆಳಗೆ ಬಂಡೆ ಎಂದು ನಿಂತಲ್ಲಿಂದಲೇ ಹೇಳುವರು. ನಾನು ಇದನ್ನೆಲ್ಲ ಶಾಲೆಯ ಮಕ್ಕಳ ಮುಂದೆ, ಬಂದ ಅತಿಥಿಗಳ ಮುಂದೆ ವರ್ಣಿಸುತ್ತಿದ್ದೆ. ಇನ್ನೊಬ್ಬರ ವಿದ್ಯೆಯನ್ನು ಹೊಗಳಿ ತಾನು ದೊಡ್ಡವನಾಗುವ ಚಟ ಮಾಸ್ತರರಿಗೆ ಇರುತ್ತದೆ.

ಆ ಚಟವೇ ಮುಳುವಾಯಿತು. ಪಟ್ಟಣಗಳಲ್ಲಿ ಮನೆ ಕಟ್ಟುವ ಭರಾಟೆ ಎದ್ದಿತ್ತು, ಎಲ್ಲರಿಗೂ ಹೊಳೆಯ ಉಸುಕೇ ಬೇಕು. ಒಂದು ಮಧ್ಯಾಹ್ನ ಗುತ್ತಿಗೆದಾರನೊಬ್ಬ ಬಿಳಿ ಜೀಪಿನಲ್ಲಿ ಶಾಲೆಗೆ ಬಂದ. ಬಹಳ ಮರ್ಯಾದೆಯ ಮನುಷ್ಯ. ಶಾಲೆಯ ಗೋಡೆ ನೋಡಿ ಮರುಗಿದ. ಸುಣ್ಣಬಣ್ಣ ಮಾಡಿಸುತ್ತೇನೆ, ಒಂದು ಮೈಕ್ ಸೆಟ್ಟೂ ಕೊಡಿಸುತ್ತೇನೆ ಎಂದ. ಆಮೇಲೆ ಚಹಾ ಕುಡಿಯುತ್ತ, "ಈ ಹೊಳಿ ಬಗ್ಗೆ ಛಲೋ ತಿಳಿದವರು ಯಾರದಾರ್ರಿ, ಸರ?" ಎಂದು ಕೇಳಿದ.

ನಾನು ಚಹಾದ ಕಪ್ಪು ಕೆಳಗಿಟ್ಟು, ಅವನನ್ನು ನಾನೇ ಕರೆದುಕೊಂಡು ಹೋದೆ. ಹುಸೇನಸಾಬರ ಹೆಗಲ ಮೇಲೆ ಕೈಯಿಟ್ಟು, "ಇವರು ಹೊಳೆಯ ಪಂಡಿತರು," ಎಂದು ಪರಿಚಯಿಸಿದೆ.

ಮುಂದಿನ ಎರಡು ವರ್ಷ ಊರು ಊರಾಗಿ ಉಳಿಯಲಿಲ್ಲ. ಉಸುಕು ಹೇರುವ ಟ್ರ್ಯಾಕ್ಟರ್ ಇಲ್ಲದ ಮನೆಗೆ ಹೆಣ್ಣು ಕೊಡುವವರಿಲ್ಲ ಎಂಬಂತಾಯಿತು. ಎತ್ತು ಮಾರಿದರು, ಬಿತ್ತುವುದು ಬಿಟ್ಟರು. ಬಸ್ ನಿಲ್ದಾಣದ ಹತ್ತಿರ ಸಾಲಾಗಿ ಎಗ್ ರೈಸ್ ಅಂಗಡಿಗಳೆದ್ದವು. ಗುಡಿಗೂ ಮಸೀದಿಗೂ ಒಂದೇ ಬಣ್ಣದ ಟೈಲ್ಸ್ ಬಂದವು. ಒಬ್ಬನೇ ಗುತ್ತಿಗೆದಾರ ಕೊಡಿಸಿದ್ದು. ನನ್ನ ಶಾಲೆ ಗುಲಾಬಿ ಬಣ್ಣಕ್ಕೆ ತಿರುಗಿತು. ಮೈಕ್ ಬಂದ ಮೇಲೆ ಸ್ವಾತಂತ್ರ್ಯ ದಿನದ ನನ್ನ ಭಾಷಣ ಮೊದಲಿನ ಎರಡು ಪಟ್ಟು ಉದ್ದವಾಯಿತೆಂದು ಮಕ್ಕಳು ಗೊಣಗುತ್ತಿದ್ದರು. ಯಾರಿಗೂ ಕೇಡಾಗಿದೆ ಎಂದು ಅನ್ನಿಸಲಿಲ್ಲ. ಹಸಿವು ಕಂಡ ಊರದು, ಅದಕ್ಕೆ ಉಣ್ಣುವ ಕಾಲ ಬಂದಿದೆ ಎಂದು ನನಗೂ ಸಂತೋಷವೇ ಇತ್ತು.

ಹುಸೇನಸಾಬರಿಗೆ ದಂಡೆಯ ಮೇಲೆ ಒಂದು ಕೊಡೆ, ಪ್ಲಾಸ್ಟಿಕ್ ಕುರ್ಚಿ, ಕೊರಳಲ್ಲಿ ಸೀಟಿ. ಅವರು ಬೆರಳು ಮಾಡಿದಲ್ಲಿ ಮಷೀನು ಅಗೆಯುತ್ತಿತ್ತು. ಜನ್ಮದಲ್ಲಿ ಮೊದಲ ಸಲ ಊರ ಜನ ಅವರಿಗೆ "ಬರ್ರಿ, ಕುಂಡ್ರಿ" ಎನ್ನುತ್ತಿದ್ದರು. ಅವರಿಗೆ ಅದು ಹಿಡಿಸಿತ್ತು. ಯಾರಿಗೆ ಹಿಡಿಸುವುದಿಲ್ಲ?

ಜೈನಬಿಗೆ ಹಿಡಿಸಲಿಲ್ಲ. ಕಲ್ಲಂಗಡಿ ಎರಡೇ ಸಾಲಿಗೆ ಇಳಿದಿತ್ತು. ಅದನ್ನೂ ಅವಳು ಹಟದಿಂದ ಉಳಿಸಿಕೊಂಡಿದ್ದಳು. ಗಂಡಹೆಂಡತಿ ತಮ್ಮೊಳಗೆ ಉರ್ದು ಆಡುವವರು. ಒಂದು ದಿನ ಮಾತ್ರ ನನಗೂ ಕೇಳಲಿ ಎಂದೇ ಇರಬೇಕು, ಅವಳು ಕನ್ನಡದಲ್ಲಿ ಜಗಳ ತೆಗೆದಳು.

"ನೀವು ಬೆರಳ ತೋರಸ್ತೀರಿ, ಅವ್ರು ಅಗೀತಾರ. ನಿನ್ನಿ ಇದ್ದ ಹೊಳಿ ಇವತ್ತಿಲ್ಲ. ನಾ ಕಾಲ ಎಲ್ಲಿ ಇಡ್ಲಿ?"

"ನಿನ್ನ ದಾರಿ ಬಿಟ್ಟ ಅಗಸ್ತೀನಿ ಬಿಡ," ಎಂದು ಸಾಬರು ನಕ್ಕರು.

"ಖರೇನ? ಮಾಸ್ತರ್ರ ಮುಂದ ಹೇಳ್ರಿ."

"ಖರೆ ಅಂದ್ರ ಖರೆ."

ನಾನು ಸಾಕ್ಷಿಯವನಂತೆ ತಲೆಯಾಡಿಸಿದೆ.

ಚೈತ್ರದ ಒಂದು ಸಂತೆಯ ದಿನ. ಹಿಂದಿನ ದಿನ ಸಾಬರು ಜ್ವರದಿಂದ ಮಲಗಿದ್ದರು. ಮಷೀನಿನವರು, ಸಾಬರೇ ಹಿಂದೆಂದೋ ತೋರಿಸಿದ್ದ ಒಳ್ಳೆಯ ಉಸುಕಿನ ಜಾಗವನ್ನು ಹುಡುಕುತ್ತ ಕಾಲುದಾರಿಯ ತನಕ ಅಗೆದುಬಿಟ್ಟಿದ್ದರು. ಬೆಳಗಾಗುವುದರೊಳಗೆ ಮೇಲಿನ ಅಣೆಕಟ್ಟಿನಿಂದ ಸ್ವಲ್ಪ ನೀರು ಬಂದು ಗುಂಡಿಗಳೆಲ್ಲ ತುಂಬಿ ಹೊಳೆ ಸಮಾ ಕಾಣುತ್ತಿತ್ತು. ಜೈನಬಿ ಬುಟ್ಟಿ ಹೊತ್ತು ಇಳಿದಳು. ಕಣ್ಣು ಆಚೆ ದಂಡೆಯ ಮೇಲೆ ಇಟ್ಟಿದ್ದಳೋ ಏನೋ.

ಶಾಲೆಯ ಪ್ರಾರ್ಥನೆ ನಡೆದಿತ್ತು. ಕೂಗು ಕೇಳಿ ನಾವೆಲ್ಲ ಓಡಿದಾಗ ನೀರಿನ ಮೇಲೆ ಆರೇಳು ಕಲ್ಲಂಗಡಿ ತೇಲುತ್ತಿದ್ದವು, ಅಷ್ಟೇ. ಜ್ವರದ ಮೈಯಲ್ಲೇ ಹುಸೇನಸಾಬರು ಮುಳುಗಿದರು. ಮೂರನೆಯ ಸಲಕ್ಕೆ ಅವಳನ್ನು ಎತ್ತಿಕೊಂಡು ಬಂದರು.

ಪೊಲೀಸರು ಬರಲು ಹೊತ್ತಿತ್ತು. ಅಷ್ಟರಲ್ಲಿ ಹಿರಿಯರು ನನ್ನ ಶಾಲೆಯ ಗುಲಾಬಿ ಬಣ್ಣದ ಪಡಸಾಲೆಯಲ್ಲಿ ಸೇರಿದರು. ಗುಡಿಯ ಪಂಚರಿದ್ದರು, ಮಸೀದಿಯ ಹಿರಿಯರಿದ್ದರು. ಮಾತು ತೆಗೆದವರು ನಿಂಗನಗೌಡರು, ಊರಿನ ದೊಡ್ಡವರು. ಅವರು ಕೆಟ್ಟವರಲ್ಲ, ಜೈನಬಿಯನ್ನು ಬಾಯ್ತುಂಬ "ತಂಗಿ" ಎನ್ನುತ್ತಿದ್ದವರು. ಅವರ ಕಣ್ಣಲ್ಲಿ ನೀರೂ ಇತ್ತು.

"ಆಗೂದು ಆಗಿಹೋತು," ಎಂದರು. "ಗುಂಡ್ಯಾಗ ಬಿದ್ಳು ಅಂತ ಬರದ್ರ ನಾಳಿಂದ ಕೆಲಸ ಬಂದ್. ಊರಾಗ ಯಾರ ಮನ್ಯಾಗ ಒಲಿ ಹತ್ತತೈತಿ ಹೇಳ್ರಿ? ಅರಬಿ ತೊಳಿಯೂ ಕಲ್ಲಿನ ಮ್ಯಾಲ ಕಾಲ ಜಾರಿತು ಅಂದ್ರ ಆತು. ಹೋದಾಕಿ ಏನ್ ತಿರುಗಿ ಬರ್ತಾಳನು?"

ಯಾರೂ ಇಲ್ಲ ಎನ್ನಲಿಲ್ಲ. ಎಲ್ಲರೂ ಒದ್ದೆ ಲುಂಗಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಹುಸೇನಸಾಬರನ್ನು ನೋಡಿದರು. ಅವರು ನೆಲ ನೋಡುತ್ತಲೇ, "ನೀವು ಹೆಂಗಂತೀರಿ ಹಂಗ," ಎಂದರು. ಇಡೀ ಊರು ಎದುರು ಕುಳಿತು ಕೇಳಿದರೆ ಒಂಟಿ ಮನುಷ್ಯ ಮತ್ತೇನು ಹೇಳಿಯಾನು?

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ಮಾಸ್ತರ್ರ, ನಿಮ್ಮ ಅಕ್ಷರ ಚಂದ ಅದಾವ. ನೀವ ಬರೀರಿ."

ಬರೆದೆ. ನಡುಗಿದ ಕೈಯಲ್ಲಿ ಬರೆದೆ ಎಂದರೆ ನೀವು ನಂಬಬಹುದು, ಆದರೆ ಅದು ಸುಳ್ಳು. ಕೈ ನಡುಗಲಿಲ್ಲ. ಸರಕಾರಿ ಕಾಗದ ಬರೆದು ಪಳಗಿದ ಕೈ ಅದು, ತಾನಾಗಿ ಓಡಿತು. ಕೊನೆಗೆ ಸಾಬರು ಸಹಿ ಮಾಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಸಾಕ್ಷರತೆಯ ವರ್ಗದಲ್ಲಿ ಹೆಸರು ಬರೆಯುವುದೊಂದನ್ನು ಕಲಿತಿದ್ದರು, ಕಲಿಸಿದವನು ನಾನೇ. ಏನು ಬರೆದಿದೆ ಎಂದು ಅವರು ಕೇಳಲಿಲ್ಲ. ನಾನು ಓದಿ ಹೇಳಲಿಲ್ಲ.

ಜೈನಬಿಯ ಗೌರವಕ್ಕೆಂದು ಮೂರು ದಿನ ಮಷೀನು ನಿಂತಿತು. ನಾಲ್ಕನೆಯ ದಿನ ಶುರುವಾಯಿತು. ಸಾಬರು ಸೀಟಿಯನ್ನು ಗುತ್ತಿಗೆದಾರನ ಕುರ್ಚಿಯ ಮೇಲಿಟ್ಟು ಬಂದರಂತೆ. ಅಷ್ಟರೊಳಗೆ ಅವರ ಬೆರಳು ಯಾರಿಗೂ ಬೇಕಿರಲಿಲ್ಲ, ಎಲ್ಲ ಕಡೆ ಅಗೆಯುವುದೇ ಆಗಿತ್ತು. ಅವರು ಲಕ್ಷ್ಮೇಶ್ವರಕ್ಕೆ, ಮಗಳು ರಜಮಾಳ ಮನೆಗೆ ಹೋದರು. ನಾನು ಮಲ್ಲಸಮುದ್ರದ ಕಡೆ ವರ್ಗ ಮಾಡಿಸಿಕೊಂಡೆ. ಮಕ್ಕಳ ಓದಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಕೆಲವೇ ವರ್ಷಗಳಲ್ಲಿ ಆ ಹೊಳೆಯಲ್ಲಿ ಉಸುಕು ತೀರಿ ಬಂಡೆ ಹತ್ತಿತು, ಗುತ್ತಿಗೆದಾರ ಬೇರೆ ದಂಡೆ ನೋಡಿಕೊಂಡ. ಯಾವ ಒಲೆಗಾಗಿ ಆ ಕಾಗದ ಬರೆದೆವೋ ಆ ಒಲೆಗಳು ಕಾಗದದ ಆಯುಷ್ಯದಷ್ಟೂ ಉರಿಯಲಿಲ್ಲ. ಈಗ ಆ ಊರಿನವರು ಬೆಳಗಿನ ಬಸ್ಸಿಗೆ ಗದಗಿಗೆ ಬಂದು ಪರರ ಮನೆ ಕಟ್ಟುವ ಕೂಲಿ ಮಾಡುತ್ತಾರೆ.

ಮೊನ್ನೆ ಇಷ್ಟೆಲ್ಲ ನೆನಪು ಎದ್ದು ಬಂದ ಮೇಲೆ ಮನೆಯಲ್ಲಿ ಕೂಡಲಾಗಲಿಲ್ಲ. ನಿನ್ನೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಹುಸೇನಸಾಬರು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದರು. ಒಳಗೆ ರಜಮಾ ಚಹಾಕ್ಕೆ ಸ್ಟೋವ್ ಹಚ್ಚಿದ್ದು ಕೇಳಿಸಿತು. ಮಳೆ, ಮೊಮ್ಮಕ್ಕಳು, ಮೊಣಕಾಲು ನೋವು, ಎಲ್ಲ ಆದ ಮೇಲೆ ಅವರು ಕೇಳಿದರು:

"ಮಾಸ್ತರ್ರ, ಅವತ್ತ ಆ ಕಾಗದದಾಗ ಏನ್ ಬರದಿದ್ರಿ? ನಾ ಸಹಿ ಅಷ್ಟ ಮಾಡಿದೆ. ಒಮ್ಮಿ ಹೇಳ್ರಿ."

ನನಗೆ ಅದು ಬಾಯಿಪಾಠ. ಒಂದು ಅಕ್ಷರವೂ ಮರೆತಿಲ್ಲ. "ನನ್ನ ಹೆಂಡತಿಯಾದ ಜೈನಬಿ ಈಕೆಯು ಬಟ್ಟೆ ತೊಳೆಯಲು ಹೋದಾಗ, ತನ್ನ ಸ್ವಂತ ನಿಷ್ಕಾಳಜಿಯಿಂದ ಕಾಲುಜಾರಿ ನೀರಿಗೆ ಬಿದ್ದು ಮೃತಪಟ್ಟಿರುತ್ತಾಳೆ. ಈ ಬಗ್ಗೆ ಯಾರ ಮೇಲೂ ನನ್ನ ಸಂಶಯ ಇರುವುದಿಲ್ಲ."

ಅವರು ಒಂದೇ ಶಬ್ದವನ್ನು ಹಿಡಿದರು.

"ನಿಷ್ಕಾಳಜಿ ಅಂತ ಬರೀರಿ ಅಂತ ಗೌಡ್ರು ಹೇಳಿದ್ರನು?"

"ಇಲ್ಲ."

"ಮತ್ತ ಯಾರು?"

"ಯಾರೂ ಹೇಳಿಲ್ಲ ಸಾಬ್ರ. ಅಂಥ ಕಾಗದದಾಗ ಹಂಗ ಬರಿಯೂದು ರೂಢಿ. ನಾನ ಬರದೆ."

"ನಿಷ್ಕಾಳಜಿ ಹೆಂಗಸಲ್ರಿ ಆಕಿ," ಎಂದರು. ದನಿ ಏರಿಸಲಿಲ್ಲ. "ಮೂವತ್ತು ವರ್ಷ ಬುಟ್ಟ್ಯಾಗಿನ ಒಂದ ಹಣ್ಣ ಕೆಡವಿರಲಿಲ್ಲ. ದಾರಿ ಬಿಡಸ್ತೀನಿ ಅಂದಾಂವ ನಾ. ಮಲಗಿದಾಂವ ನಾ. ನಿಷ್ಕಾಳಜಿ ಬರಿಯೂದಿದ್ರ ನನ್ನ ಹೆಸರಿಗೆ ಬರೀಬೇಕಿತ್ತು."

"ಈಗ ಖರೆ ಖರೆ ಬರದು ಕೊಡ್ತೀನಿ," ಎಂದೆ. "ನನ್ನ ಹೆಸರೂ ಹಾಕಿ ಬರೀತೀನಿ."

"ಬರದು ಯಾರಿಗಿ ಕೊಡ್ತೀರಿ?"

ಉತ್ತರಕ್ಕೆ ಕಾಯದೆ ಅವರು ಒಳಗಿನ ಕಡೆ ತಿರುಗಿ, "ರಜಮಾ, ಮಾಸ್ತರ್ರಿಗೆ ಬಸ್ಸಿನ ಹೊತ್ತಾತು. ಚಾ ಬ್ಯಾಡ ಬಿಡವ್ವಾ," ಎಂದರು. ಒಳಗೆ ಸ್ಟೋವಿನ ಸದ್ದು ನಿಂತಿತು. ನಮ್ಮ ಕಡೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದಿಲ್ಲ, ನಿಮಗೂ ಗೊತ್ತು. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

ಬೆಳಗಿನಿಂದ ಕುಳಿತು ಇದನ್ನು ಬರೆದಿದ್ದೇನೆ. ಯಾವ ಕಚೇರಿಗೂ ಕಳಿಸುವಂಥದ್ದಲ್ಲ. ಅಂದು ಅರ್ಧ ಪುಟ ಬರೆಯಲು ಐದು ನಿಮಿಷ ಸಾಕಾಗಿತ್ತು. ಇಂದು "ಜೈನಬಿಗೆ ದಾರಿ ಗೊತ್ತಿತ್ತು" ಎಂಬ ಮೂರು ಶಬ್ದ ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು, ಅಕ್ಷರವೂ ಚಂದ ಬಂದಿಲ್ಲ.